ಹೊಡೆಯುವಾಗ ಏನಂದರು?

ಕಳ್ಳನಿಗೆ ಇಷ್ಟು ಚೆಂದದ ಕಣ್ಣು ಯಾಕಪ್ಪಾ ಎಂದುಕೊಂಡಳು ಜಾನಿಸ್.

೧೯೯೯ರ ಮಾತು. ಮಂಗಳೂರಿನ ಈ ಹುಡುಗಿ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ವಕೀಲರೊಬ್ಬರ ಆಫೀಸಿನ ಟೈಪಿಸ್ಟ್. ಎದುರು ಕೂತವನು ಅಫ್ಘಾನಿಸ್ತಾನದ ಮೇಷ್ಟ್ರು ಫರೀದ್. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯಲ್ಲಿ ಆಶ್ರಯ ಕೇಳಿದ್ದ ಅವನ ಅರ್ಜಿ ತಿರಸ್ಕೃತವಾಗಿತ್ತು. ತಾಲಿಬಾನಿಗಳು ಹೊಡೆದದ್ದು ನಿಜ, ಆದರೆ ಕಳ್ಳತನದ ಆರೋಪಕ್ಕೆ ಎಂದಿದ್ದರು ಅಲ್ಲಿನ ಅಧಿಕಾರಿಗಳು. ಈಗ ಅಪೀಲು ಬರೆಸಲು ಬಂದಿದ್ದ.

“ಕದ್ದದ್ದೇನು?” ಹಿಂದಿಯಲ್ಲಿ ಕೇಳಿದಳು.

“ಏನೂ ಇಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಮಾಡ್ತಿದ್ದೆ. ಅದಕ್ಕೇ ಹೊಡೆದರು ಅನ್ನೋದಕ್ಕೆ ಪುರಾವೆ ಎಲ್ಲಿ ಅಂದರು.” ಅವನು ತಲೆ ತಗ್ಗಿಸಿದ. “ಕನಿಕರಿಸಿ ಅಂತ ಟೈಪ್ ಮಾಡಿ.”

ಅವಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. “ಕನಿಕರ ಯಾಕೆ? ಹಕ್ಕು ಕೇಳಿ. ಮನೆಗೆ ನುಗ್ಗಿ ಅವರು ಹುಡುಕಿದ್ದೇನು?”

“ಒಂದು ಪೆಟ್ಟಿಗೆಯನ್ನೂ ತೆರೆಯಲಿಲ್ಲ. ಕರಿಹಲಗೆ ಒಡೆದರು.”

“ಹೊಡೆಯುವಾಗ ಏನಂದರು?”

“ಮಕ್ಕಳ ಹೆಸರು ಹೇಳು ಅಂದರು. ಹೇಳಲಿಲ್ಲ.”

“ಕದ್ದ ಮಾಲು ಬೇಡ, ಓದುವ ಹುಡುಗಿಯರ ಹೆಸರು ಬೇಕು. ಇದಕ್ಕಿಂತ ದೊಡ್ಡ ಪುರಾವೆ ಬೇಕಾ ಇವರಿಗೆ?” ಎಂದು ಅದನ್ನೇ ಟೈಪ್ ಮಾಡಿದಳು. ಪೇಶಾವರಕ್ಕೆ ಓಡಿಬಂದಿದ್ದ ವಿದ್ಯಾರ್ಥಿನಿಯೊಬ್ಬಳ ತಾಯಿ ಫೋನಿನಲ್ಲಿ ಸಾಕ್ಷಿ ಹೇಳಿದರು.

ಆಮೇಲೂ ಫರೀದ್ ಬರುತ್ತಲೇ ಇದ್ದ. ಒಮ್ಮೆ ಸ್ಪೆಲಿಂಗ್ ತಪ್ಪು, ಒಮ್ಮೆ ಕಾಮಾ ಬಿಟ್ಟುಹೋಗಿದೆ.

“ಇಂಗ್ಲಿಷ್ ಬರಲ್ಲ ಅಂದಿದ್ರಲ್ಲ?”

“ಕಾಮಾ ಮಾತ್ರ ಬರುತ್ತೆ,” ಎಂದ. ಇಬ್ಬರೂ ಮಾನಿಟರ್ ನೋಡುವಂತೆ ನಟಿಸಿದರು.

ಅಪೀಲು ಗೆದ್ದಿತು. ಬಂದು ನೆಲೆಸಲು ಕೆನಡಾ ಕರೆಯಿತು. ಆ ದಿನ ಅವನು ಲಿಫ್ಟಿನ ಮುಂದೆಯೇ ಹೇಳಿಬಿಟ್ಟ. “ನೀವಂದ್ರೆ ನನಗೆ ಜೀವ. ಆದರೆ ಬನ್ನಿ ಅನ್ನಲಿಕ್ಕೆ ನನಗೊಂದು ಊರಿಲ್ಲ.”

“ಊರು ನನ್ನ ಹತ್ರ ಉಂಟು,” ಎಂದಳು ಜಾನಿಸ್. “ನೀವು ಬೇಕು, ಅಷ್ಟೆ.”

ಶುಕ್ರವಾರ ಅಲ್ ಮೀನಾದ ಮೀನು ಮಾರುಕಟ್ಟೆಗೆ ಅಣ್ಣ ಕಾನ್ರಾಡನೊಡನೆ ಹೋದಾಗ ಫರೀದನನ್ನೂ ಬರಹೇಳಿದಳು.

“ಇವರನ್ನೇ ಮದುವೆಯಾಗ್ತೇನೆ, ಅಣ್ಣ. ಕೆನಡಾಕ್ಕೂ ಹೋಗ್ತೇನೆ.”

ಕಾನ್ರಾಡನ ಮುಖ ಕೆಂಪಾಯಿತು. “ಧರ್ಮ ಬೇರೆ, ದೇಶ ಬೇರೆ. ಮಮ್ಮಿಗೆ ಏನು ಹೇಳುದು?”

“ನಾನೇ ಹೇಳಿ ಆಯ್ತು. ಅತ್ತರು, ಬೈದರು, ಫೋನ್ ಇಟ್ಟರು. ನಿನ್ನೆ ಅವರೇ ಫೋನ್ ಮಾಡಿ, ಅವ ಮೀನು ತಿಂತಾನಾ ಅಂತ ಕೇಳಿದ್ರು.”

ಕಾನ್ರಾಡ್ ಫರೀದನನ್ನು ದುರುದುರು ನೋಡಿದ. ಆಮೇಲೆ ಅಂಜಲ್ ಮೀನಿನ ಚೀಲ ಅವನ ಕೈಗೆ ತುರುಕಿ, “ಹಿಡಿ. ಭಾರ ಉಂಟು,” ಎಂದ.