ಕಿಟಕಿ ಸಂದಿನ ಪಟ್ಟಿ

ಮುದುಕರು ಸತ್ತದ್ದು ಒದ್ದೆ ಸ್ವಿಚ್ ಮುಟ್ಟಿ. ಸ್ವಿಚ್ಚಿಗೆ ನೀರಿಳಿದದ್ದು ಕಿಟಕಿಯ ಮೇಲಂಚಿನ ಸಂದಿನಿಂದ. ಎರಡು ವರ್ಷದ ಹಿಂದೆ ನೀರಿಳಿಯದಂತೆ ಆ ಸಂದಿಗೆ ಕಪ್ಪು ರಬ್ಬರಿನಂಥ ಸೀಲೆಂಟ್ ತುಂಬಿದವನು ಮನೆಯ ಅಳಿಯ. ಹಾಗಾಗಿ ಬೆಳಿಗ್ಗೆಯಿಂದ ಮನೆಯವರು ಅವನನ್ನು ಹುರಿದು ಮುಕ್ಕುತ್ತಿದ್ದರು.

"ನಿನ್ನ ಜೈಲಿಗೆ ಕಳಿಸದೆ ಬಿಡಲ್ಲ," ಎಂದ ಹಿರಿಮಗ. ಅವನ ಕೈಯಲ್ಲಿ ಗೇಣುದ್ದದ ಸೀಲೆಂಟ್ ಪಟ್ಟಿಯಿತ್ತು. "ನೋಡಿ ದೊಡ್ಡಮ್ಮ, ರಾತ್ರಿ ಮಳೆಗೆ ಕಿತ್ತು ಬಿದ್ದಿದೆ. ಈಗ ಕಿಟಕಿ ಕೆಳಗೆ ಸಿಕ್ತು. ಕಳಪೆ ಮಾಲು ತುಂಬಿ ಅಪ್ಪನ್ನ ಕೊಂದ."

ಅಳಿಯ ಕೈ ಚಾಚಿದ. "ನೀನು ಮುಟ್ಟಬೇಡ," ಎಂದು ಹಿರಿಮಗ ಗದರಿದ. ಅಳಿಯ ಹೆಂಡತಿಯ ಕಡೆ ನೋಡಿದ. "ಅಣ್ಣ ಹೇಳೋದ್ರಲ್ಲಿ ತಪ್ಪೇನಿದೆ?" ಎಂದು ಅವಳು ಮುಖ ತಿರುಗಿಸಿದಳು.

ದೊಡ್ಡಮ್ಮ ಇವರ ನೆಂಟರೇನಲ್ಲ. ಆ ಕಟ್ಟಡದಲ್ಲಿ ಏನೇ ಕೇಡಾದರೂ ಜನ ಮೊದಲು ತಟ್ಟುವುದು ಮೂರನೇ ಮಹಡಿಯ ಅವರ ಬಾಗಿಲು. ಅವರ ಬಾಲದಂತೆ ವಾಚ್‌ಮನ್ ಇದ್ದೇ ಇರುತ್ತಿದ್ದ. ಅಳಿಯನನ್ನು ಕಂಡರೆ ಅವನಿಗೆ ಅಕ್ಕರೆ. ಮುದುಕರಿಗೂ ಹಾಗೇ ಇತ್ತು. ಅವರು ಎಲ್ಲರೆದುರು ಅಳಿಯನ ಕೆಲಸ ಹೊಗಳುವಾಗ ಹಿರಿಮಗ ಹಲ್ಲು ಕಡಿಯುವುದನ್ನು ವಾಚ್‌ಮನ್ ಎಷ್ಟೋ ಸಲ ನೋಡಿದ್ದ. ಈಗ ಅವನಿಗೆ ಹಿರಿಮಗನ ಕೆನ್ನೆಗೆ ಎರಡು ಬಿಗಿಯುವಷ್ಟು ಸಿಟ್ಟು ಬಂದಿತ್ತು.

ದೊಡ್ಡಮ್ಮ ಪಟ್ಟಿಯನ್ನು ಇಸಿದುಕೊಂಡು ಎರಡೂ ಮಗ್ಗುಲು ಉಜ್ಜಿದರು. ಹೆಬ್ಬೆರಳಿಗೂ ತೋರುಬೆರಳಿಗೂ ಬಿಳಿ ಪುಡಿ ಅಂಟಿತು. ಆಮೇಲೆ ಪಕ್ಕದ ಕಿಟಕಿಯಿಂದ ಒಂದು ತುಂಡು ಸೀಲೆಂಟ್ ಕೊಯ್ದು ತರಲು ವಾಚ್‌ಮನ್‌ಗೆ ಹೇಳಿದರು; ಅದೂ ಅಳಿಯ ಅದೇ ದಿನ ತುಂಬಿದ್ದು. ಕೊನೆಗೆ ವಾಚ್‌ಮನ್‌ನನ್ನು ಹಿರಿಮಗನ ಕೋಣೆಯ ಬಾಲ್ಕನಿಗೆ ಕರೆದೊಯ್ದು, "ಕೈ ಚಾಚಯ್ಯ," ಎಂದರು. ಸೋರಿದ ಸಂದು ಸಲೀಸಾಗಿ ಎಟುಕಿತು.

ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ದೊಡ್ಡಮ್ಮ ಮಾತು ತೆಗೆದರು.

"ಬಿಸಿಲು, ಮಳೆ ಸೀಲೆಂಟನ್ನ ತಿನ್ನೋದು ಹೊರಮೈಯಿಂದ. ಪಕ್ಕದ ಕಿಟಕಿದು ನೋಡಿ: ಹೊರಗೆ ಬೆಳ್ಳಗೆ ಪುಡಿ ಏಳ್ತಿದೆ, ಗೋಡೆಯೊಳಗಿದ್ದ ಮಗ್ಗುಲು ಇನ್ನೂ ಕಪ್ಪಗೆ, ರಬ್ಬರಿನ ಹಾಗಿದೆ. ಮಾಲು ಕಳಪೆಯಲ್ಲ. ನೀನು ತಂದ ಪಟ್ಟಿ ಎರಡೂ ಕಡೆ ಬಿರುಕು ಬಿಟ್ಟು ಪುಡಿಯಾಗಿದೆ. ರಾತ್ರಿ ಕಿತ್ತು ಬಂದಿದ್ರೆ ಒಳಮಗ್ಗುಲಿಗೆ ಬಿಸಿಲು ಯಾವಾಗ ತಾಗ್ತಪ್ಪ? ಇದು ಬೇಸಿಗೆಯಿಡೀ ಎಲ್ಲೋ ಬಿಸಿಲಲ್ಲಿ ಹೊರಳಾಡಿದೆ. ಮೊದಲೇ ಕೊಯ್ದು ತೆಗೆದಿದ್ದು. ಆ ಸಂದು ಎಟುಕೋದು ನಿನ್ನ ಬಾಲ್ಕನಿಯಿಂದ ಮಾತ್ರ. ಈಗ ಸಿಕ್ತು ಅಂತ ಸುಳ್ಳು ಹೇಳಿದವನೂ ನೀನೇ."

"ಗೋಡೆ ಸೋರಲಿ ಅಂತ ಅಷ್ಟೆ," ಎಂದ ಹಿರಿಮಗ. "ಅಪ್ಪನ ಬಾಯಲ್ಲಿ ಬರೀ ಅಳಿಯ, ಅಳಿಯ. ಇವನ ಯೋಗ್ಯತೆ ಗೊತ್ತಾಗಲಿ ಅಂತ ಮಾಡ್ದೆ. ಹೀಗಾಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

ವಾಚ್‌ಮನ್‌ಗೆ ಕುಣಿಯುವಷ್ಟು ಖುಷಿಯಾಯಿತು. ಸಾವಿನ ಮನೆಯೆಂದು ತಡೆದುಕೊಂಡ. ಅಳಿಯನ ಹೆಂಡತಿ ಎದ್ದು ಬಂದು ಗಂಡನ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡ.

"ನಿಮ್ಮಣ್ಣ ಹೇಳಿದ್ದು ಬಿಡು," ಎಂದ. "ಬೆಳಿಗ್ಗೆಯಿಂದ ಒಂದು ಸಲ ಆದ್ರೂ ನೀನು ನನ್ನನ್ನ ಕೇಳಿದ್ಯಾ?"