ಖಾಲಿ ಅಂಬಾರಿಯ ರಣಚಿತ್ರ

ಬಹಳ ಹಿಂದೆ, ಓಡಿಹೋದವರಿಗೂ ಬಿರುದು ಸಿಗುತ್ತಿದ್ದ ಕಾಲದಲ್ಲಿ, ಕೆಮ್ಮಣ್ಣುದುರ್ಗವೆಂಬ ರಾಜ್ಯವಿತ್ತು. ರಾಜನ ಹೆಸರು ರಣಭೈರವ. ಗಡಿಯ ಬಯಲಿನಲ್ಲಿ ಯುದ್ಧ ನಡೆದಾಗ ಅವನು ಮೊದಲ ಗುಂಡಿಗೇ ಆನೆಯಿಂದಿಳಿದು ಓಡಿದ. ಸೈನಿಕರು ನಿಂತು ಹೋರಾಡಿ ಗೆದ್ದರು. ಗೆದ್ದದ್ದು ತಪ್ಪಲ್ಲ; ರಾಜ ಓಡಿದ್ದನ್ನು ನೋಡಿದ್ದು ತಪ್ಪಾಯಿತು.

ಯುದ್ಧ ತಾನೇ ಗೆದ್ದಂತೆ ಚಿತ್ರ ಬರೆಸಲು ರಾಜ ಮಾಂತ್ರಿಕ ಧೂಮಕೇಶಿಯನ್ನು ಕರೆಸಿದ. ಅವನು ಅರಮನೆಯ ಗೋಡೆಯ ಮೇಲೆ ರಣಭೂಮಿಯನ್ನು ಬರೆದ: ಗುಡ್ಡ, ಕೆರೆ, ಫಿರಂಗಿ, ಹೊಗೆ, ಖಾಲಿ ಅಂಬಾರಿ ಹೊತ್ತ ಆನೆ. ಕುಂಚ ಆಡಿದಂತೆ ನಿಜವಾದ ಸೈನಿಕರು ಒಬ್ಬೊಬ್ಬರಾಗಿ ಚಿತ್ರದೊಳಗೆ ಸೇರಿಹೋದರು. ಅವರಲ್ಲಿ ನಗಾರಿ ಬಾರಿಸುವ ಮಲ್ಲೇಶಿಯೂ ಒಬ್ಬ.

ಅವನ ತಂಗಿ ತಿರಕವ್ವ ಅಣ್ಣನನ್ನು ಹುಡುಕಿಕೊಂಡು ಬಂದಳು. ಅರಮನೆಯ ಚಿತ್ರದಲ್ಲಿ ಅವನನ್ನು ಕಂಡು, ಯಾರ ಅಪ್ಪಣೆಯನ್ನೂ ಕೇಳದೆ ಗೋಡೆಯೊಳಗೆ ಕಾಲಿಟ್ಟಳು. ಗೋಡೆ ದಾರಿ ಬಿಟ್ಟಿತು.

ಸಿಂಹಮುಖದ ಫಿರಂಗಿ ಬಾಯಿ ತೆರೆಯಿತು. "ಯುದ್ಧ ಗೆದ್ದವರು ಯಾರು? ರಾಜ ಅನ್ನು. ಇಲ್ಲಾಂದ್ರೆ ಸುಡ್ತೀನಿ."

"ನಮ್ಮ ಹುಡುಗರು ಗೆದ್ದರು. ರಾಜ ಓಡಿದ. ಸುಡು, ನೋಡೋಣ."

ಸುಳ್ಳಿನ ಬೆಂಕಿ ನಿಜ ಹೇಳುವವರನ್ನು ಸುಡಲಾರದು. ಫಿರಂಗಿ ಕೆಮ್ಮಿ ಸುಮ್ಮನಾಯಿತು.

ಕೆರೆಯಿಂದ ಕಬ್ಬಿಣದ ಮೊಸಳೆ ಎದ್ದಿತು. "ಯುದ್ಧ ಗೆದ್ದವರು ಯಾರು? ರಾಜ ಅನ್ನು. ಇಲ್ಲಾಂದ್ರೆ ನುಂಗ್ತೀನಿ."

"ಈಗ ತಾನೆ ಹೇಳಿದೆನಲ್ಲ, ಕಿವುಡಾ? ರಾಜ ಓಡಿದ!"

ಮೊಸಳೆ ಮುಳುಗಿತು.

ಗುಡ್ಡದ ಬುಡದಲ್ಲಿ ಮಲ್ಲೇಶಿ ನಗಾರಿಯ ಮುಂದೆ ಕೈಕಟ್ಟಿ ನಿಂತಿದ್ದ. ಪಕ್ಕದಲ್ಲಿ ಮಾಂತ್ರಿಕ. "ಗೆಲುವಿನ ನಗಾರಿ ಬಾರಿಸಿದರೆ ಈ ಚಿತ್ರವೇ ಸತ್ಯ. ಒಳಗಿರೋರು ಕೊನೇವರೆಗೂ ಬಣ್ಣ. ನಿಮ್ಮಣ್ಣ ಮೊಂಡ. ಬಾರಿಸೋಕೆ ಹೇಳು, ನಿಮ್ಮಿಬ್ಬರನ್ನ ಬಿಟ್ಟುಬಿಡ್ತೀನಿ."

"ಆಗಲಿ."

"ತಂಗೀ, ನಾಚಿಕೆ ಇಲ್ವಾ ನಿಂಗೆ?" ಮಲ್ಲೇಶಿ ಗದರಿದ.

"ಸ್ವಲ್ಪ ತಾಳಣ್ಣ. ಮಾಂತ್ರಿಕರೇ, ರಾಜರು ರಣದಲ್ಲಿ ಇಲ್ಲದೆ ಗೆಲುವಿನ ನಗಾರಿ ಬಾರಿಸೋ ಪದ್ಧತಿ ಇಲ್ಲ. ಅಂಬಾರಿ ಖಾಲಿ ಇದೆ."

ಪದ್ಧತಿ ಪದ್ಧತಿಯೇ. ಮಾಂತ್ರಿಕ ರಾಜನನ್ನು ಕರೆದ. ಶತ್ರುಗಳಿಲ್ಲದ ರಣರಂಗ, ರಾಜ ಮೀಸೆ ತಿರುವುತ್ತ ಬಂದು ಆನೆ ಏರಿದ.

"ಅಣ್ಣಾ," ಎಂದು ತಿರಕವ್ವ ಪಿಸುಗುಟ್ಟಿದಳು, "ಗೆಲುವಿನದು ಬೇಡ. ವೈರಿ ಬಂದಾಗ ಬಾರಿಸ್ತೀಯಲ್ಲ, ಅದು."

ಮಲ್ಲೇಶಿ ನಕ್ಕ. ಧಡಂ ಧಡಂ ಎಂದು ನಗಾರಿ ಮೊಳಗಿತು.

ರಾಜ ಆನೆಯಿಂದ ಧುಮುಕಿದ. ಕಿರೀಟ ಒಂದು ಕಡೆ, ಪಾದರಕ್ಷೆ ಒಂದು ಕಡೆ. "ಪ್ರಭೂ, ನಿಲ್ಲಿ! ಇದು ಬರೀ ಚಿತ್ರ!" ಎಂದು ಮಾಂತ್ರಿಕ ಕೂಗಿದ. ಕೇಳಲು ರಾಜನೆಲ್ಲಿದ್ದ? ಆಗಲೇ ಗುಡ್ಡ ದಾಟಿದ್ದ.

ಚಿತ್ರದ ಸುಳ್ಳನ್ನು ಮಾಂತ್ರಿಕನ ಬಾಯೇ ಒಪ್ಪಿಕೊಂಡಿತ್ತು. ಮಾಟ ಮುರಿಯಿತು. ಸೈನಿಕರು ನಗುತ್ತ ಹೊರಗೆ ಬಂದರು; ಓಡಿದ ರಾಜ ಮಾತ್ರ ಬರಲಿಲ್ಲ. ಧೂಮಕೇಶಿ ಗೋಡೆಯ ಮೇಲಿನ ಮಸಿಯಾದ. ಆಳುಗಳು ಒದ್ದೆ ಬಟ್ಟೆಯಿಂದ ಒರೆಸಿದರು.

ಅಣ್ಣ ತಂಗಿ ಮನೆಗೆ ಹೋಗಿ ಬಿಸಿಬಿಸಿ ಉಂಡರು. ಊರೆಲ್ಲ ಸುಖವಾಗಿತ್ತು. ಬೇರೆ ರಾಜನನ್ನು ಹುಡುಕುವ ಆತುರ ಮಾತ್ರ ಯಾರಿಗೂ ಇರಲಿಲ್ಲ.