ಎಡಗಡೆಯ ಜಾಗ

ಯಾರ್ಕ್‌ಷೈರಿನ ನಮ್ಮ ಕ್ವೇಕರ್ ಕ್ರೈಸ್ತ ಪಂಥದ ಶಾಲೆಯಲ್ಲಿ ಭಾನುವಾರದ ಪ್ರಾರ್ಥನೆಯೆಂದರೆ ಒಂದು ಗಂಟೆಯ ಮೌನ, ಅಷ್ಟೇ. ಕೊನೆಗೆ ಮುಖ್ಯೋಪಾಧ್ಯಾಯನಾದ ನಾನು ಪಕ್ಕದವರ ಕೈ ಕುಲುಕಿದರೆ ಮೌನ ಮುಗಿದಂತೆ.

ಯುದ್ಧ ಪಾಪವೆಂದು ನೂರು ವರ್ಷ ಕಲಿಸಿದ ಶಾಲೆ ಅದು. ೧೯೧೬ರಲ್ಲಿ ನನ್ನ ಮಗ ಸಿಲಾಸ್ ಸೈನಿಕನ ಉಣ್ಣೆಯ ಉಡುಪಿನಲ್ಲೇ ಬಂದು ನನ್ನ ಎಡಕ್ಕೆ ಕುಳಿತ. ಗಂಟೆ ತುಂಬಿದಾಗ ತಾನೇ ಕೈ ಚಾಚಿದ.

"ಅಪ್ಪಾ, ನಾಳೆ ಹಡಗು ಹೊರಡತ್ತೆ."

"ಕೈ ಕೊಡ್ರೀ," ಎಂದಳು ಬಲಕ್ಕಿದ್ದ ನನ್ನ ಹೆಂಡತಿ ಟ್ಯಾಬಿತಾ. "ಅವನೇನು ಕಂಡೋರ ಮಗನಾ?"

ನಾನು ಅವಳ ಕೈಯನ್ನೇ ಕುಲುಕಿ ಮೌನ ಮುಗಿಸಿದೆ. ಸಿಲಾಸ್ ಎದ್ದು ಹೋದ. ಫ್ರಾನ್ಸಿನ ಕೆಸರಿನಲ್ಲಿ ಸತ್ತ.

ಆಮೇಲೆ ಪ್ರತಿ ಭಾನುವಾರ ನನ್ನ ಎಡಗಡೆ ಚಳಿ, ಒದ್ದೆ ಉಣ್ಣೆಯ ವಾಸನೆ. ಯಾರಿಗೂ ಹೇಳಲಿಲ್ಲ. ಮೂರನೆಯ ವರ್ಷ, ಜೂನ್ ತಿಂಗಳ ಬಿಸಿಲಿನಲ್ಲಿ, ಕೊನೆಗೂ ಎಡಗೈ ಚಾಚಿದೆ.

ಯಾರೂ ಹಿಡಿಯಲಿಲ್ಲ. ಯಾರೋ ಎದ್ದಂತೆ ಬೆಂಚು ಕಿರುಗುಟ್ಟಿತು. ಬೂಟಿನ ಸದ್ದು ನಿಧಾನವಾಗಿ ಬಾಗಿಲ ಕಡೆ ಸಾಗಿತು. ನನ್ನ ಭ್ರಮೆ ಎಂದುಕೊಳ್ಳುತ್ತಿದ್ದೆ. ಆದರೆ ಅರವತ್ತು ಮಕ್ಕಳ ತಲೆಗಳು ಆ ಸದ್ದಿನ ಜೊತೆಗೇ ತಿರುಗುತ್ತಾ ಹೋದವು. ಬಾಗಿಲ ಬಳಿಯಿದ್ದ ಪುಟ್ಟ ಹುಡುಗಿ, ದೊಡ್ಡವರು ಹೊರಟಾಗ ಮಾಡುವಂತೆ, ಎದ್ದು ಬಾಗಿಲು ತೆರೆದು ಹಿಡಿದಳು.